ಭ್ರೂಣಕೋಶಗಳ ಕಸಿ: ರೋಗಿಗೆ ಸಲ್ಲಬೇಕಾದ ಸತ್ಯ



ಪಾರ್ಕಿನ್ಸನ್ ರೋಗಿಯ ಮನೆಯವರು ನನ್ನ ಹತ್ತಿರ ಚೀಟಿ ಬರೆಸಿಕೊಂಡು ಎದ್ದ ಮೇಲೆ, ರೋಗಿಯನ್ನು ಮುಂದೆ ಕಳುಹಿಸಿ, ಬಾಗಿಲ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಕೇಳುವುದುಂಟು: "ಸ್ಟೆಮ್ ಸೆಲ್ ಹಾಕಿಸಿದ್ರೆ ಪೂರ್ತಿ ವಾಸಿ ಆಗ್ತದಂತಲ್ಲ ಡಾಕ್ಟ್ರೇ? ಎಷ್ಟಾದ್ರೂ ಪರವಾಗಿಲ್ಲ, ಸೈಟ್ ಮಾರಿಯಾದ್ರೂ ಕೊಡ್ತೀವಿ." ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿರುವಾಗ ಇದಕ್ಕೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. "ಬೇಡ" ಅಂದರೆ ಇವರಿಗೆ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. "ನೋಡೋಣ" ಅಂದರೆ ಸೈಟಿಗೆ ಗಿರಾಕಿ ಹುಡುಕಲು ಹೊರಡುತ್ತಾರೆ. ಇವತ್ತು ನೀವು ನನಗೆ ಒಂದು ಗಂಟೆ ಕೊಟ್ಟಿದ್ದೀರಿ.

ಭ್ರೂಣದ ಕೋಶಗಳ ಕಸಿ ಎಂದ ಕೂಡಲೇ ನಮ್ಮ ಮನಸ್ಸು ಭ್ರೂಣದ ಕಡೆ ಹೋಗುತ್ತದೆ. ಅದು ಎಲ್ಲಿಂದ ಬಂತು, ಯಾರು ಕೊಟ್ಟರು, ಬಳಸುವುದು ಪಾಪವಲ್ಲವೇ? ಪ್ರಶ್ನೆ ದೊಡ್ಡದೇ. ಆದರೆ ಅದಕ್ಕೆ ಕೆಲಸಕ್ಕೆ ಬರುವಂಥ ಉತ್ತರ ಮೂವತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ ಎಂಬುದು ನನ್ನ ನಿಲುವು. ಸಿಗದೇ ಉಳಿದಿರುವುದು ಇನ್ನೊಂದು ತುದಿಯ ಪ್ರಶ್ನೆಗೆ. ಆ ಕೋಶ ಯಾರ ಮೆದುಳಿಗೆ ಹೋಗುತ್ತದೋ ಆ ರೋಗಿಗೆ ನಾವು ಏನು ಹೇಳಿ ಹಾಕುತ್ತೇವೆ? ಯಾವ ಪುರಾವೆಯ ಮೇಲೆ? ಯಾರ ದುಡ್ಡಿನಲ್ಲಿ?

ಮೊದಲು ಕಾಯಿಲೆಯ ಮಾತು. ನಡುಮೆದುಳಿನಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ಹದದಲ್ಲಿಡುವ ಮೇಲಿನ ಕೇಂದ್ರಗಳಿಗೆ ತಲುಪಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳು ಸಾಯುತ್ತ ಹೋಗುತ್ತವೆ. ಕೈ ನಡುಗತೊಡಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಆಗಲೇ ಹೋಗಿರುತ್ತವೆ. ಮಾತ್ರೆಯ ಪ್ರಭಾವ ಇಳಿದಾಗ ಈ ರೋಗಿಗಳನ್ನು ಹತ್ತಿರದಿಂದ ನೋಡಬೇಕು. ಅಂಗಿಯ ಎರಡನೆಯ ಗುಂಡಿಯ ಮೇಲೆ ಬೆರಳು ನಿಂತುಬಿಟ್ಟಿರುತ್ತದೆ. ಹೊಸ್ತಿಲ ಮುಂದೆ ಕಾಲು ಕೀಳಲಾಗುವುದಿಲ್ಲ. ಮುಖದಲ್ಲಿ ಯಾವ ಭಾವವೂ ಇಲ್ಲ, ಒಳಗೆ ಮಾತ್ರ ಎಲ್ಲ ತಿಳಿಯುತ್ತಿರುತ್ತದೆ. ಒಂದು ಸಿಂಡೋಪ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಕಳೆದರೆ ಅದೇ ವ್ಯಕ್ತಿ ಎದ್ದು ತಾವೇ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಆ ಮಾತ್ರೆಯಲ್ಲಿರುವುದು ಮುಖ್ಯವಾಗಿ ಲೆವೊಡೋಪ. ನಮ್ಮ ಬೇಲಿಗಳಲ್ಲಿ ಬೆಳೆದು ಮೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುವಂತೆ ಮಾಡುವ ನಸುಗುನ್ನಿಯ ಬೀಜದಲ್ಲಿ ಇದು ಇದೆ ಎಂದು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ಇದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ರೋಗಿಗಳನ್ನು ಎಬ್ಬಿಸಿ ನಡೆಸಿದ್ದು 1967ರಲ್ಲಿ.

ಕೆಲವು ವರ್ಷ ಇದು ಚೆನ್ನಾಗಿ ನಡೆಯುತ್ತದೆ. ಆಮೇಲೆ ಮಾತ್ರೆಯ ಪ್ರಭಾವದ ಅವಧಿ ಕಿರಿದಾಗುತ್ತ ಬರುತ್ತದೆ. ಪ್ರಭಾವ ಇದ್ದಾಗ ಮೈ ತಾನಾಗಿ ತಿರುಚಿಕೊಳ್ಳುತ್ತದೆ, ಇಲ್ಲದಾಗ ಕಲ್ಲಾಗುತ್ತದೆ. ಹೀಗಿರುವಾಗ ರಾಸಾಯನಿಕವನ್ನು ದಿನಕ್ಕೆ ಐದು ಸಲ ನುಂಗಿಸುವ ಬದಲು ಅದನ್ನು ತಯಾರಿಸುವ ಕೋಶವನ್ನೇ ಮೆದುಳಿನಲ್ಲಿ ನೆಟ್ಟರೆ ಹೇಗೆ ಎಂಬ ಯೋಚನೆ ಬಂದದ್ದು ಸಹಜ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಜಾಹೀರಾತುಗಳು ಬದುಕಿರುವುದೇ ಈ ಗೊಂದಲದ ಮೇಲೆ. ಆಕರಕೋಶ, ಅಂದರೆ ಸ್ಟೆಮ್ ಸೆಲ್, ಎಂಬ ಒಂದೇ ಹೆಸರಿನಡಿ ಹತ್ತು ಬಗೆಯ ಸರಕು ಮಾರಾಟವಾಗುತ್ತಿದೆ. ಅಸ್ಥಿಮಜ್ಜೆಯಲ್ಲಿರುವ, ರಕ್ತವನ್ನು ಹುಟ್ಟಿಸುವ ಆಕರಕೋಶ ಬೇರೆ. ಅದರ ಕಸಿ ದಶಕಗಳಿಂದ ರಕ್ತದ ಕ್ಯಾನ್ಸರ್ ರೋಗಿಗಳನ್ನು ಉಳಿಸಿದೆ. ಪ್ರಯೋಗಾಲಯದಲ್ಲಿ ಫಲಿತವಾದ, ಐದು ದಿನದ ಪಿಂಡದಿಂದ ತೆಗೆಯುವ ಆಕರಕೋಶ ಬೇರೆ. ಇವತ್ತಿನ ವಿಷಯವಾದ ಭ್ರೂಣದ ಕೋಶವೆಂದರೆ ಗರ್ಭಪಾತದ ನಂತರ, ಮೊದಲ ಕೆಲವು ವಾರಗಳ ಭ್ರೂಣದ ಅಂಗಾಂಶದಿಂದ ಬಿಡಿಸಿ ತೆಗೆದದ್ದು. ಅದರಲ್ಲಿ ನಿಜವಾದ ಆಕರಕೋಶಗಳೂ ಇರುತ್ತವೆ, ಆಗಲೇ ನರಕೋಶವಾಗುವ ದಾರಿ ಹಿಡಿದವೂ ಇರುತ್ತವೆ. ಒಂದರ ಯಶಸ್ಸನ್ನು ಇನ್ನೊಂದರ ಬ್ರೋಷರ್‌ನಲ್ಲಿ ಅಚ್ಚು ಮಾಡುವುದು ಈ ವ್ಯಾಪಾರದ ಹಳೆಯ ಚಾಳಿ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಆಂಡರ್ಸ್ ಬ್ಯೋರ್ಕ್ಲುಂಡ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಇಲಿಗಳ ಮೇಲೆ ಈ ಕೆಲಸ ಶುರು ಮಾಡಿದರು. ಇಲಿಯ ಭ್ರೂಣದ ನಡುಮೆದುಳಿನ ಚೂರನ್ನು ದೊಡ್ಡ ಇಲಿಯ ಮೆದುಳಿಗೆ ಹಾಕಿದರೆ ಆ ಕೋಶಗಳು ಬದುಕಿ, ಎಳೆ ಚಾಚಿ, ಡೋಪಮೈನ್ ಕೊಡುತ್ತವೆ ಎಂದು ತೋರಿಸಿದರು. ಮನುಷ್ಯರ ವಿಷಯಕ್ಕೆ ಬಂದರೆ ಭ್ರೂಣಕ್ಕೆ ಆರರಿಂದ ಒಂಬತ್ತು ವಾರವಾಗಿರಬೇಕು. ಅದಕ್ಕೂ ಮೊದಲೇ ತೆಗೆದರೆ ಬೇಕಾದ ಕೋಶ ಇನ್ನೂ ಹುಟ್ಟಿರುವುದಿಲ್ಲ. ತಡವಾದರೆ ಅದರ ಎಳೆಗಳು ಉದ್ದವಾಗಿ, ಬಿಡಿಸುವಾಗ ಹರಿದು ಕೋಶವೇ ಸಾಯುತ್ತದೆ. ಮಡಿಯಿಂದ ಭತ್ತದ ಸಸಿ ಕಿತ್ತು ನಾಟಿ ಮಾಡಿದವರಿಗೆ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಹದ ನೋಡಿ ನೆಟ್ಟರೂ ಉಳಿಯುವ ಡೋಪಮೈನ್ ಕೋಶಗಳು ನೂರಕ್ಕೆ ಐದರಿಂದ ಇಪ್ಪತ್ತು. ಆದ್ದರಿಂದ ಒಬ್ಬ ರೋಗಿಗೆ ಒಂದು ಭ್ರೂಣ ಸಾಲದು, ಹಲವು ಬೇಕು. ಈ ಒಂದು ಸಂಗತಿಯೇ ಈ ಚಿಕಿತ್ಸೆಯ ಅರ್ಧ ತೊಡಕನ್ನು ಹೇಳುತ್ತದೆ.

ಲುಂಡ್‌ನ ಓಲೆ ಲಿಂಡ್ವಾಲ್ ತಂಡ 1987ರ ಕೊನೆಯಲ್ಲಿ ಮೊದಲ ಇಬ್ಬರು ರೋಗಿಗಳಿಗೆ ಕಸಿ ಮಾಡಿತು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ, ಮತ್ತು ಅವರು ಅದನ್ನು ಹಾಗೆಯೇ ಪ್ರಕಟಿಸಿದರು. ಸೂಜಿಯನ್ನು ತೆಳ್ಳಗೆ ಮಾಡಿಕೊಂಡು, ವಿಧಾನವನ್ನು ತಿದ್ದಿ ಮುಂದಿನ ರೋಗಿಗಳಿಗೆ ಹಾಕಿದಾಗ ಸುಧಾರಣೆ ಕಂಡಿತು. ನೆಟ್ಟ ಕೋಶ ಬದುಕಿರುವುದು ಪೆಟ್ ಸ್ಕ್ಯಾನ್‌ನಲ್ಲೂ ಕಾಣಿಸಿತು. ಅದೇ 1987ರಲ್ಲಿ ಮೆಕ್ಸಿಕೋದ ಇಗ್ನಾಸಿಯೋ ಮದ್ರಾಸೋ ತಂಡ ರೋಗಿಯದೇ ಅಡ್ರಿನಲ್ ಗ್ರಂಥಿಯ ಚೂರನ್ನು ಮೆದುಳಿಗೆ ಹಾಕಿ ಇಬ್ಬರು ರೋಗಿಗಳಲ್ಲಿ ಅದ್ಭುತ ಸುಧಾರಣೆಯಾಗಿದೆ ಎಂದು ವರದಿ ಮಾಡಿತು. ಜಗತ್ತಿನ ಶಸ್ತ್ರವೈದ್ಯರು ಅದರ ಹಿಂದೆ ಓಡಿದರು. ನೂರಾರು ಮಂದಿಯ ತಲೆ, ಹೊಟ್ಟೆ ಎರಡನ್ನೂ ಕೊಯ್ದ ಮೇಲೆ ಫಲ ನಿಲ್ಲುವುದಿಲ್ಲ ಎಂದು ತಿಳಿದು ಸದ್ದಿಲ್ಲದೆ ಕೈಬಿಟ್ಟರು. ಭ್ರೂಣದ ವಿಷಯವೇ ಇಲ್ಲದ ಚಿಕಿತ್ಸೆ ಅದು. ಹಾಗಾಗಿ ಅದರ ಬಗ್ಗೆ ಯಾವ ಧರ್ಮಪೀಠವೂ ತಕರಾರು ತೆಗೆಯಲಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನೀತಿ ತಪ್ಪಿದ್ದು ಅಲ್ಲಿಯೇ ಹೆಚ್ಚು.

ಈಗ ಕ್ಯಾಲಿಫೋರ್ನಿಯಾದ ಒಂದು ವಿಚಿತ್ರ ಪ್ರಕರಣ. 1982ರಲ್ಲಿ ಸ್ಯಾನ್ ಹೋಸೆ ಊರಿನ ಆಸ್ಪತ್ರೆಗೆ ಹರೆಯದ ಕೆಲವರು ಮರಗಟ್ಟಿದ ಸ್ಥಿತಿಯಲ್ಲಿ ಬಂದರು. ಮಾತಿಲ್ಲ, ಚಲನೆಯಿಲ್ಲ, ನೋಡಿದರೆ ಇಪ್ಪತ್ತು ವರ್ಷದ ಹಳೆಯ ಪಾರ್ಕಿನ್ಸನ್. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರರೋಗ ತಜ್ಞ ಪತ್ತೆದಾರನಂತೆ ಹಿಂಬಾಲಿಸಿ ಕಾರಣ ಹಿಡಿದರು. ಅವರೆಲ್ಲ ಚುಚ್ಚಿಕೊಂಡಿದ್ದ ಕಳ್ಳ ಹೆರಾಯಿನ್‌ನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ಅದು ನಡುಮೆದುಳಿನ ಆ ಕಪ್ಪು ಪಟ್ಟಿಯನ್ನೇ ಹುಡುಕಿಕೊಂಡು ಹೋಗಿ ಸುಡುತ್ತದೆ. ಅವರಲ್ಲಿ ಇಬ್ಬರಿಗೆ ಭ್ರೂಣಕೋಶದ ಕಸಿ ಮಾಡಿಸಬೇಕೆಂದಾಗ ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ಹಣ ಸಿಗುವಂತಿರಲಿಲ್ಲ. ಇಬ್ಬರನ್ನೂ ಲುಂಡ್‌ಗೆ ಕರೆದೊಯ್ದರು. ಇಬ್ಬರೂ ಗಣನೀಯವಾಗಿ ಸುಧಾರಿಸಿದರು ಎಂಬ ವರದಿ 1992ರ ನವೆಂಬರಿನಲ್ಲಿ ಪ್ರಕಟವಾಯಿತು. ಇವರಲ್ಲಿ ಕಾಯಿಲೆ ಮುಂದುವರಿಯುವಂಥದ್ದಲ್ಲ, ಒಮ್ಮೆ ಸುಟ್ಟದ್ದು ಅಷ್ಟೇ. ಅದಕ್ಕೇ ಕಸಿ ಇಷ್ಟು ಚೆನ್ನಾಗಿ ಹಿಡಿದಿರಬಹುದು.

ಅಮೆರಿಕದಲ್ಲಿ ಹಣ ಏಕೆ ನಿಂತಿತ್ತು? ಗರ್ಭಪಾತದಿಂದ ಬಂದ ಅಂಗಾಂಶದ ಕಸಿಗೆ ಸರ್ಕಾರಿ ಅನುದಾನವನ್ನು ರೇಗನ್ ಆಡಳಿತ 1988ರಲ್ಲಿ ತಡೆಹಿಡಿಯಿತು. ಆ ವರ್ಷವೇ ನೇಮಿಸಿದ ತಜ್ಞರ ಸಮಿತಿಯ ಬಹುಮತ, ಸರಿಯಾದ ಕಟ್ಟುಪಾಡುಗಳಿದ್ದರೆ ಇದು ಒಪ್ಪಬಹುದಾದ ಕೆಲಸ ಎಂದಿತು. ಸರ್ಕಾರ ಕೇಳಲಿಲ್ಲ, 1989ರಲ್ಲಿ ತಡೆಯನ್ನು ಮುಂದುವರಿಸಿತು. ಕ್ಲಿಂಟನ್ ಅಧಿಕಾರಕ್ಕೆ ಬಂದ ಮೂರನೆಯ ದಿನ, 1993ರ ಜನವರಿ 22ರಂದು, ಅದನ್ನು ತೆಗೆದರು. ಅದೇ ವರ್ಷದ ಜೂನ್‌ನಲ್ಲಿ ಬಂದ ಕಾನೂನು ಕಟ್ಟುಪಾಡುಗಳನ್ನು ಬರೆದಿಟ್ಟಿತು. ಅವುಗಳ ತಿರುಳು ಇಷ್ಟೇ: ಗರ್ಭಪಾತದ ನಿರ್ಧಾರ ಮತ್ತು ಅಂಗಾಂಶ ದಾನದ ನಿರ್ಧಾರ, ಇವೆರಡರ ನಡುವೆ ಗೋಡೆ ಇರಬೇಕು. ಹೆಣ್ಣು ಗರ್ಭಪಾತಕ್ಕೆ ಒಪ್ಪಿಗೆ ಕೊಟ್ಟ ಮೇಲಷ್ಟೇ ದಾನದ ಮಾತೆತ್ತಬೇಕು. ದಾನಕ್ಕಾಗಿ ಗರ್ಭಪಾತದ ಸಮಯವನ್ನಾಗಲಿ ವಿಧಾನವನ್ನಾಗಲಿ ಬದಲಿಸಕೂಡದು. ಯಾರಿಗೆ ಹೋಗಬೇಕೆಂದು ಆಕೆ ಹೆಸರಿಸುವಂತಿಲ್ಲ. ಅಂಗಾಂಶವನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಈ ಗೋಡೆ ಸರಿಯಾದದ್ದು ಎಂದೇ ನಾನು ಭಾವಿಸುತ್ತೇನೆ. ತಂದೆಯ ಕಾಯಿಲೆಗೆಂದು ಮಗಳು ಬಸಿರಾಗಿ ತೆಗೆಸಿಕೊಳ್ಳುವಂತೆ ಒತ್ತಾಯ ಬರಲಾರದು ಎಂದು ನಮ್ಮ ಸಮಾಜವನ್ನು ಬಲ್ಲ ಯಾರು ಹೇಳಬಲ್ಲರು? 2023ರ ಕೊನೆಯಲ್ಲಿ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ನೀವೆಲ್ಲ ಓದಿದ್ದೀರಿ. ಅಂಥ ಕಡೆ ಭ್ರೂಣದ ಅಂಗಾಂಶಕ್ಕೆ ಗ್ರಾಂ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಏನಾಗುತ್ತದೆಂದು ಹೇಳಲು ನೀತಿಶಾಸ್ತ್ರದ ಪದವಿ ಬೇಡ. ನಮ್ಮ ಐಸಿಎಂಆರ್ 2000ದಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಲ್ಲಿ ಭ್ರೂಣದ ಅಂಗಾಂಶ ಕಸಿಗೂ ಜಾಗವಿತ್ತು. ಅಲ್ಲಿಯೂ ಇದೇ ಗೋಡೆ: ಲಾಭಕ್ಕಾಗಿ ಗರ್ಭಪಾತ ಸಲ್ಲದು, ತಾಯಿಯ ಒಪ್ಪಿಗೆ ಬೇಕೇ ಬೇಕು.

ಇಷ್ಟಾದ ಮೇಲೂ, ಕೆಟ್ಟ ಕೆಲಸದಿಂದ ಬಂದದ್ದನ್ನು ಬಳಸಿದರೆ ಆ ಕೆಲಸದಲ್ಲಿ ಪಾಲುದಾರರಾದಂತೆ ಎನ್ನುವವರಿದ್ದಾರೆ. ಗರ್ಭಪಾತವನ್ನೇ ಕೊಲೆ ಎಂದು ನಂಬಿದವರ ವಾದದಲ್ಲಿ ಇದಕ್ಕೆ ತರ್ಕವಿದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನಮ್ಮ ದೇಶದಲ್ಲಿ 1971ರಿಂದ ಗರ್ಭಪಾತ ಷರತ್ತುಗಳೊಂದಿಗೆ ಕಾನೂನುಬದ್ಧ. ಹೀಗೆ ಹೊರಬಂದ ಭ್ರೂಣ ಎಲ್ಲಿಗೆ ಹೋಗುತ್ತದೆ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕೊಯ್ದ ಬೆರಳು, ತೆಗೆದ ಗೆಡ್ಡೆ ಇವುಗಳ ಜೊತೆಗೆ ಹಳದಿ ಚೀಲಕ್ಕೆ. ಅಲ್ಲಿಂದ ಸಾಮಾನ್ಯ ಸಂಸ್ಕರಣಾ ಘಟಕದ ಗಾಡಿ ಬಂದು ಒಯ್ದು ಸುಡುತ್ತದೆ. ಆಪರೇಷನ್ ಥಿಯೇಟರಿನ ಹಿಂದಿನ ಓಣಿಯಲ್ಲಿ ಆ ಚೀಲಗಳು ಬಾರ್‌ಕೋಡ್ ಅಂಟಿಸಿಕೊಂಡು ಸಾಲಾಗಿ ಕಾಯುತ್ತಿರುತ್ತವೆ. ಸುಡುವುದು ಗೌರವ, ಒಬ್ಬರ ಚಿಕಿತ್ಸೆಗೆ ಬಳಸುವುದು ಅಗೌರವ ಎಂಬ ಮಾತು ನನಗಂತೂ ಒಪ್ಪಿಗೆಯಾಗುವುದಿಲ್ಲ. ಅಗೌರವ ಇರುವುದು ಬೇರೆ ಕಡೆ.

ಅದು ಯಾವ ಕಡೆ ಎಂಬುದಕ್ಕೆ ಒಂದು ಹಳೆಯ ಉದಾಹರಣೆ. ಫಿಲಡೆಲ್ಫಿಯಾದ ಲಿಯೊನಾರ್ಡ್ ಹೇಫ್ಲಿಕ್ 1962ರಲ್ಲಿ, ಸ್ವೀಡನ್ನಿನಿಂದ ತರಿಸಿದ ಒಂದು ಭ್ರೂಣದ ಶ್ವಾಸಕೋಶದಿಂದ ಡಬ್ಲ್ಯುಐ-38 ಎಂಬ ಕೋಶಸಂತತಿಯನ್ನು ಬೆಳೆಸಿದರು. ಲಂಡನ್ನಿನಲ್ಲಿ 1966ರಲ್ಲಿ ಎಂಆರ್‌ಸಿ-5 ಎಂಬ ಇನ್ನೊಂದು ಬಂತು. ರುಬೆಲ್ಲಾ ಲಸಿಕೆಯ ವೈರಸ್ಸನ್ನು ಬೆಳೆಸುವುದು ಇಂಥ ಮಾನವ ಕೋಶಗಳಲ್ಲಿ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ನಮ್ಮ ಮಕ್ಕಳು ತೋಳಿಗೆ ಹಾಕಿಸಿಕೊಂಡದ್ದೂ ಇದೇ ವಂಶದ ವಿದ್ಯೆ. ಲಸಿಕೆಯಲ್ಲಿ ಭ್ರೂಣವಿಲ್ಲ, ಗಾಬರಿ ಬೇಡ. ಹಾಕಿಸಿಕೊಳ್ಳಲೇಬೇಕಾದ ಲಸಿಕೆ ಅದು. ನಾನು ಹೇಳಹೊರಟಿದ್ದು ಆ ಸ್ವೀಡನ್ನಿನ ತಾಯಿಯ ವಿಷಯ. ಆಕೆಯನ್ನು ಯಾರೂ ಕೇಳಿರಲಿಲ್ಲ. ಕೋಟಿಗಟ್ಟಲೆ ಮಕ್ಕಳಿಗೆ ರಕ್ಷಣೆ ಕೊಟ್ಟ ಕೋಶ ತನ್ನ ಗರ್ಭದಿಂದ ಹೋದದ್ದೆಂಬುದು ಆಗ ಆಕೆಗೆ ಗೊತ್ತೇ ಇರಲಿಲ್ಲ. ಭ್ರೂಣದ ಹಕ್ಕು, ವಿಜ್ಞಾನದ ಹಕ್ಕು ಎಂದು ಎರಡು ಕಡೆಯವರೂ ದನಿಯೇರಿಸಿ ಜಗಳವಾಡಿದ್ದರಲ್ಲಿ ಈ ಹೆಣ್ಣುಮಗಳು ಕಣ್ಣಿಗೇ ಬೀಳಲಿಲ್ಲ.

ಇನ್ನು ಪುರಾವೆಯ ಮಾತು. 1990ರ ದಶಕದ ನಡುಭಾಗದ ಹೊತ್ತಿಗೆ ಕಸಿ ಮಾಡಿಸಿಕೊಂಡ ಅನೇಕರು ಸುಧಾರಿಸಿದ್ದರೆಂಬ ವರದಿಗಳಿದ್ದವು. ಆದರೆ ಅವೆಲ್ಲ ವೈದ್ಯರಿಗೂ ರೋಗಿಗೂ ಏನು ಹಾಕಲಾಗಿದೆ ಎಂದು ಗೊತ್ತಿದ್ದ ಪ್ರಯೋಗಗಳು. ಡೆನ್ವರ್‌ನ ಕರ್ಟ್ ಫ್ರೀಡ್ ತಂಡ ಸರ್ಕಾರದ ಹಣದಿಂದ, ಆಗಿನ ಕಾಲಕ್ಕೆ ದಿಗಿಲು ಹುಟ್ಟಿಸುವಂಥ ಒಂದು ಪ್ರಯೋಗ ಮಾಡಿತು. 40 ರೋಗಿಗಳು. 20 ಮಂದಿಗೆ ಕಸಿ, 20 ಮಂದಿಗೆ ಹುಸಿ ಶಸ್ತ್ರಕ್ರಿಯೆ. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ.

ಆ ಕೋಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಲೆಗೆ ಲೋಹದ ಚೌಕಟ್ಟು ಬಿಗಿದಿದ್ದಾರೆ. ಅರಿವಳಿಕೆ ಚರ್ಮಕ್ಕಷ್ಟೇ, ರೋಗಿಗೆ ಎಚ್ಚರವಿದೆ. ಹಣೆಯ ಮೂಳೆಯಲ್ಲಿ ಡ್ರಿಲ್ ಕೊರೆಯುವ ಸದ್ದು ಆತನದೇ ತಲೆಬುರುಡೆಯೊಳಗೆ ಮೊಳಗುತ್ತದೆ. ಕಸಿಯ ಗುಂಪಿನವರಾದರೆ ಸೂಜಿ ಮೆದುಳಿನ ಒಳಗಿಳಿದು, ನಾಲ್ಕು ಭ್ರೂಣಗಳಿಂದ ತೆಗೆದ ಅಂಗಾಂಶವನ್ನು ಎರಡೂ ಪಕ್ಕಗಳಲ್ಲಿ ಬಿಟ್ಟು ಬರುತ್ತದೆ. ಹುಸಿ ಗುಂಪಿನವರಾದರೆ ಮೂಳೆಯನ್ನು ಕೊರೆದದ್ದು ಅಷ್ಟೇ. ಮೆದುಳಿನ ಹೊದಿಕೆಯನ್ನು ಮುಟ್ಟುವುದಿಲ್ಲ. ಹೊಲಿಗೆ ಹಾಕಿ, ಪಟ್ಟಿ ಕಟ್ಟಿ ಕಳಿಸುತ್ತಾರೆ. ಒಂದು ವರ್ಷದವರೆಗೆ ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ.

ಏನೂ ಹಾಕದೆ ತಲೆಬುರುಡೆ ಕೊರೆಯುವುದು ನೀತಿಯೇ? ಆಗ ಕಟುವಾಗಿ ಟೀಕಿಸಿದವರಿದ್ದರು. ವೈದ್ಯನ ಮೊದಲ ಪಾಠವೇ ಹಾನಿ ಮಾಡಬೇಡ ಎಂಬುದು. ನಾನೂ ಬಹುಕಾಲ ಎರಡು ಮನಸ್ಸಿನಲ್ಲಿದ್ದೆ. ಫಲಿತಾಂಶ ನೋಡಿದ ಮೇಲೆ ಒಂದು ಕಡೆ ವಾಲಿದೆ. 2001ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ನಿಮಗೆ ಎಷ್ಟು ಸುಧಾರಣೆಯಾಗಿದೆ ಎಂದು ರೋಗಿಗಳನ್ನೇ ಕೇಳಿದಾಗ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಅರವತ್ತರೊಳಗಿನವರಲ್ಲಿ ಮಾತ್ರ ವೈದ್ಯರ ಅಳತೆಗೋಲಿನಲ್ಲಿ ಸ್ವಲ್ಪ ಲಾಭ ಕಂಡಿತು. ನನ್ನನ್ನು ಹೆಚ್ಚು ಕಾಡಿದ್ದು ಇದೇ ರೋಗಿಗಳ ಬಗ್ಗೆ 2004ರಲ್ಲಿ ಬಂದ ಇನ್ನೊಂದು ವರದಿ. ತಮಗೆ ಕಸಿಯಾಗಿದೆ ಎಂದು ನಂಬಿದವರ ಜೀವನ ಸುಧಾರಿಸಿತ್ತು. ನಿಜವಾಗಿ ಆಗಿತ್ತೋ ಇಲ್ಲವೋ ಎಂಬುದಕ್ಕಿಂತ ನಂಬಿಕೆಯ ಪ್ರಭಾವವೇ ದೊಡ್ಡದಾಗಿತ್ತು. ಡೋಪಮೈನ್ ಆಸೆಗೂ ಸಂಬಂಧಪಟ್ಟ ರಾಸಾಯನಿಕ, ಪಾರ್ಕಿನ್ಸನ್ ರೋಗಿಯಲ್ಲಿ ನಿರೀಕ್ಷೆಯೇ ಅದನ್ನು ಸ್ವಲ್ಪ ಸುರಿಸುತ್ತದೆ. ಯೂಟ್ಯೂಬ್‌ನಲ್ಲಿ "ನೋಡಿ, ನಿನ್ನೆ ಗಾಲಿಕುರ್ಚಿ, ಇವತ್ತು ನಡಿಗೆ" ಎಂದು ಬರುವ ವಿಡಿಯೋಗಳಲ್ಲಿ ಎಲ್ಲರೂ ಸುಳ್ಳು ಹೇಳುತ್ತಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಆ ನಡಿಗೆ ನಿಜವೇ, ಆದರೆ ಅದು ಕೋಶದಿಂದ ಬಂದದ್ದು ಎಂಬುದಕ್ಕೆ ಆ ವಿಡಿಯೋ ಸಾಕ್ಷಿಯಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಹುಸಿ ಗುಂಪಿನ ಕೆಲವರು ಆಮೇಲೆ ಕಸಿ ಮಾಡಿಸಿಕೊಂಡರು. ಒಟ್ಟು ಕಸಿಯಾದ 33 ಮಂದಿಯಲ್ಲಿ 5 ಜನರಿಗೆ, ಮಾತ್ರೆಯನ್ನು ನಿಲ್ಲಿಸಿದರೂ ಮೈ ತಾನಾಗಿ ತಿರುಚಿಕೊಳ್ಳುವ ಹೊಸ ತೊಂದರೆ ಗಂಟುಬಿತ್ತು. ಮಾತ್ರೆಯಿಂದ ಆದದ್ದಾದರೆ ಮಾತ್ರೆ ಕಡಿಮೆ ಮಾಡಬಹುದು. ನೆಟ್ಟ ಕೋಶವನ್ನು ಹೇಗೆ ಕಡಿಮೆ ಮಾಡುವುದು? 2003ರ ಇನ್ನೊಂದು ಹುಸಿ ನಿಯಂತ್ರಿತ ಪ್ರಯೋಗದಲ್ಲಿ ಕಸಿ ಪಡೆದ 23 ಜನರಲ್ಲಿ 13 ಮಂದಿಗೆ ಇಂಥ ಚಲನೆಗಳು ಬಂದವು. ಹುಸಿ ಗುಂಪು ಇಲ್ಲದಿದ್ದರೆ ಇದನ್ನು ಕಾಯಿಲೆಯ ಖಾತೆಗೆ ಬರೆದು, ಜಗತ್ತಿನಾದ್ಯಂತ ಸಾವಿರಾರು ಜನರಿಗೆ ಹಾಕುತ್ತಲೇ ಹೋಗುತ್ತಿದ್ದೆವು. ಆ ಇಪ್ಪತ್ತು ಮಂದಿ ಹಣೆ ಕೊರೆಸಿಕೊಂಡು ತಮಗಿಂತ ನಮಗೆ ಹೆಚ್ಚು ಉಪಕಾರ ಮಾಡಿದರು.

ಹಾಗಾದರೆ ಭ್ರೂಣಕೋಶ ಕೆಲಸ ಮಾಡಲೇ ಇಲ್ಲವೇ? ಹಾಗೂ ಹೇಳಲಾಗದು. ಲುಂಡ್‌ನಲ್ಲಿ ಕಸಿಯಾಗಿ 24 ವರ್ಷದ ನಂತರ ತೀರಿಕೊಂಡ ಒಬ್ಬ ರೋಗಿಯ ಮೆದುಳನ್ನು ಪರೀಕ್ಷಿಸಿದಾಗ, ನೆಟ್ಟ ಕೋಶಗಳ ಎಳೆಗಳು ದಟ್ಟವಾಗಿ ಹಬ್ಬಿಕೊಂಡೇ ಇದ್ದವು ಎಂದು 2016ರಲ್ಲಿ ವರದಿಯಾಯಿತು. ಆ ರೋಗಿ ವರ್ಷಗಟ್ಟಲೆ ಚೆನ್ನಾಗಿದ್ದವರು, ಕೊನೆಯ ವರ್ಷಗಳಲ್ಲಿ ಮಾತ್ರ ಲಾಭ ಕರಗಿತ್ತು. ಬೇರೆ ಕೆಲವು ರೋಗಿಗಳಲ್ಲಿ, ಭ್ರೂಣದಿಂದ ಬಂದ ಹರೆಯದ ಕೋಶಗಳೊಳಗೂ ಪಾರ್ಕಿನ್ಸನ್ನಿನ ಗುರುತಾದ ಲೀವಿ ಕಣಗಳು ಕಂಡವು. 2008ರಲ್ಲಿ ಈ ಸುದ್ದಿ ಬಂದಾಗ ನರವಿಜ್ಞಾನದವರೆಲ್ಲ ಬೆಚ್ಚಿದ್ದೆವು. ಕಾಯಿಲೆ ಹಳೆಯ ಕೋಶದಿಂದ ಹೊಸ ಕೋಶಕ್ಕೆ ದಾಟುತ್ತದೆ ಎಂಬ ಸಂಶೋಧನೆಗೆ ಅದು ದೊಡ್ಡ ತಿರುವು ಕೊಟ್ಟಿತು. ವಾಸಿ ಮಾಡಲೆಂದು ಹೊರಟದ್ದು ಕಾಯಿಲೆಯ ಗುಟ್ಟು ಬಿಚ್ಚಿತು.

2010ರ ಹೊತ್ತಿಗೆ ಕೇಂಬ್ರಿಜ್, ಲುಂಡ್ ಮೊದಲಾದವರು ಸೇರಿ ಟ್ರಾನ್ಸ್‌ಯೂರೋ ಎಂಬ ಹೊಸ ಪ್ರಯೋಗ ಆರಂಭಿಸಿದರು. ಗರ್ಭಪಾತಕ್ಕೂ ದಾನಕ್ಕೂ ನಡುವಿನ ಆ ಗೋಡೆಯ ಬೆಲೆ ಅಲ್ಲಿ ತಿಳಿಯಿತು. ಗರ್ಭಪಾತದ ದಿನ ಬದಲಿಸುವಂತಿಲ್ಲ, ಯುರೋಪಿನ ಹೆಂಗಸರು ಮಾತ್ರೆಯಿಂದಲೇ ಗರ್ಭಪಾತ ಮಾಡಿಸಿಕೊಳ್ಳುವುದು ಹೆಚ್ಚಾಗಿ ಬಳಸಬಲ್ಲ ಅಂಗಾಂಶ ಸಿಗುವುದೇ ಕಷ್ಟವಾಯಿತು. ರೋಗಿಗೆ ದಿನ ಗೊತ್ತು ಮಾಡಿ, ಅಂಗಾಂಶ ಸಾಲದೆ ಮುಂದೂಡಿದ್ದು ಒಂದೆರಡು ಸಲವಲ್ಲ. ಕೊನೆಗೆ ಕಸಿಯಾದದ್ದು 11 ಮಂದಿಗೆ. ಲಕ್ಷಾಂತರ ರೋಗಿಗಳ ಚಿಕಿತ್ಸೆ ಈ ದಾರಿಯಲ್ಲಿ ಸಾಧ್ಯವಿಲ್ಲ ಎಂಬುದು ಆಗ ಖಚಿತವಾಯಿತು.

ಪಾರ್ಕಿನ್ಸನ್ ಆಚೆಗಿನ ಕತೆಯನ್ನು ಬೇಗ ಹೇಳಿಬಿಡುತ್ತೇನೆ. ಭ್ರೂಣದ ಯಕೃತ್ತು ಕೆಲವು ತಿಂಗಳು ರಕ್ತ ಹುಟ್ಟಿಸುವ ಅಂಗ. ಅದರ ಕೋಶಗಳನ್ನು 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲೂ ರಕ್ತದ ರೋಗಗಳಿಗೆ ಪ್ರಯತ್ನಿಸಿದ್ದರು. ಚೆರ್ನೋಬಿಲ್ ದುರಂತದ ನಂತರ 13 ಮಂದಿಗೆ ಅಸ್ಥಿಮಜ್ಜೆಯನ್ನೂ 6 ಮಂದಿಗೆ ಭ್ರೂಣದ ಯಕೃತ್ತಿನ ಕೋಶವನ್ನೂ ಕೊಟ್ಟರು, ಅದು ಕೈಹಿಡಿಯಲಿಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ ತುರೇನ್ ತಂಡ 1988ರಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದ ಮಗುವಿಗೆ ಗರ್ಭದಲ್ಲಿರುವಾಗಲೇ ಇಂಥ ಕೋಶ ಹಾಕಿತು. ಮೂಳೆ ಪುಡಿಯಾಗುವ ಆನುವಂಶಿಕ ಕಾಯಿಲೆಗೆ ಸ್ಟಾಕ್‌ಹೋಮಿನ ಕರೋಲಿನ್ಸ್ಕ ಸಂಸ್ಥೆ ಭ್ರೂಣದ ಯಕೃತ್ತಿನ ಕೋಶಗಳನ್ನು ಬೆಳೆಸಿ, ಹುಟ್ಟುವ ಮೊದಲೂ ಹುಟ್ಟಿದ ಮೇಲೂ ಕೊಟ್ಟು ನೋಡುತ್ತಿದೆ. ವೆಲ್ಲೂರಿನ ಸಿಎಂಸಿ ಈ ಕೆಲಸದಲ್ಲಿ ಅವರೊಂದಿಗೆ ಕೈಜೋಡಿಸಿದೆ. ಇಲ್ಲಿ ನನಗೆ ಸ್ವಲ್ಪ ಭರವಸೆ ಇದೆ. ಒಂದು ದಾನದಿಂದ ಅನೇಕರಿಗಾಗುವಷ್ಟು ಬೆಳೆಸಬಹುದು, ಪ್ರಯೋಗವೂ ಪ್ರಯೋಗ ಎಂದೇ ಹೆಸರಿಟ್ಟುಕೊಂಡು ನಡೆಯುತ್ತಿದೆ.

ಇದಕ್ಕೆ ತದ್ವಿರುದ್ಧವಾದ ಪ್ರಕರಣ ಇನ್ನೊಂದಿದೆ. ನಡೆಯುವ ಹತೋಟಿ ತಪ್ಪಿಸುವ ಆನುವಂಶಿಕ ಕಾಯಿಲೆಯಿದ್ದ ಇಸ್ರೇಲಿನ ಒಬ್ಬ ಹುಡುಗನನ್ನು ತಂದೆತಾಯಿ 2001ರಿಂದ ಮೂರು ಸಲ ಮಾಸ್ಕೋಗೆ ಕರೆದೊಯ್ದು ಭ್ರೂಣದ ನರಕೋಶಗಳನ್ನು ಮೆದುಳಿಗೂ ಬೆನ್ನುಹುರಿಯ ದ್ರವಕ್ಕೂ ಹಾಕಿಸಿದರು. ಹದಿಮೂರನೆಯ ವಯಸ್ಸಿನಲ್ಲಿ ತಲೆನೋವು ಬಂತು. ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆ. ಬೆನ್ನಿನ ಗೆಡ್ಡೆಯನ್ನು ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಹೆಣ್ಣು ಕೋಶಗಳಿದ್ದವು. ಅಂದರೆ ಅದು ಆ ಹುಡುಗನದಲ್ಲ, ಹಾಕಿದ ಕೋಶಗಳೇ ಬೆಳೆದದ್ದು. ಕನಿಷ್ಠ ಇಬ್ಬರು ದಾನಿಗಳ ಕೋಶಗಳು ಅಲ್ಲಿ ಬೆರೆತಿದ್ದವು. 2009ರಲ್ಲಿ ಇದು ಪ್ರಕಟವಾಯಿತು. ಆ ತಂದೆತಾಯಿಯನ್ನು ನಾನು ದೂರಲಾರೆ. ಮಗ ಕಣ್ಣೆದುರೇ ಕುಸಿಯುತ್ತಿರುವಾಗ ಯಾರೋ "ಮಾಡಬಹುದು" ಎಂದರೆ ಹೋಗದಿರುವುದು ಹೇಗೆ? ದೂರಬೇಕಾದದ್ದು ಹಣ ತೆಗೆದುಕೊಂಡು ಹಾಕಿ, ಲೆಕ್ಕ ಇಡದೆ, ಆಮೇಲೆ ಏನಾಯಿತೆಂದು ಕೇಳದೆ ಕಳುಹಿಸಿದವರನ್ನು.

ನಮ್ಮಲ್ಲಿ ನಿಯಮಕ್ಕೆ ಬಡತನವಿಲ್ಲ. ಆಕರಕೋಶ ಸಂಶೋಧನೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳುತ್ತದೆ: ರಕ್ತ ಹುಟ್ಟಿಸುವ ಆಕರಕೋಶಗಳ ಕಸಿ, ಅದೂ ಅಂಗೀಕೃತವಾದ ಕಾಯಿಲೆಗಳಿಗೆ ಮಾತ್ರ, ಚಿಕಿತ್ಸೆ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗವೆಂದ ಮೇಲೆ ಎಥಿಕ್ಸ್ ಕಮಿಟಿಯ ಅನುಮತಿ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಬೇಕು. ರೋಗಿಯಿಂದ ಹಣ ಪಡೆಯುವಂತಿಲ್ಲ. ಕೊನೆಯ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಅಂಗೀಕೃತ ಕಾಯಿಲೆಗಳ ಆಚೆ ಆಕರಕೋಶದ ಹೆಸರಿನಲ್ಲಿ ಪ್ಯಾಕೇಜ್ ರೇಟ್ ಹೇಳಿದ ಕ್ಷಣವೇ ಅಲ್ಲಿ ಎರಡರಲ್ಲಿ ಒಂದು ಸುಳ್ಳು: ಅದು ಅಂಗೀಕೃತ ಚಿಕಿತ್ಸೆ ಎಂಬುದು, ಇಲ್ಲವೇ ನಿಯಮದ ಪ್ರಕಾರ ನಡೆಯುವ ಪ್ರಯೋಗ ಎಂಬುದು. ಜಾರಿಯ ಮಾತು ಬಂದಾಗ ಮಾತ್ರ ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸುತ್ತದೆ. ಜಿಲ್ಲಾ ಕೇಂದ್ರಗಳ ಹೋಟೆಲುಗಳಲ್ಲಿ ಭಾನುವಾರ "ಉಚಿತ ಸಮಾಲೋಚನಾ ಶಿಬಿರ" ನಡೆಯುತ್ತಲೇ ಇರುತ್ತದೆ.

ಈಗ ಭ್ರೂಣದ ಅಂಗಾಂಶವೇ ಬೇಡವಾಗುವ ಕಾಲ ಬಂದಿದೆ. 2025ರ ಏಪ್ರಿಲ್‌ನಲ್ಲಿ ಒಂದೇ ದಿನ ಎರಡು ವರದಿಗಳು ಪ್ರಕಟವಾದವು. ಅಮೆರಿಕ, ಕೆನಡಾದಲ್ಲಿ ಪಿಂಡದ ಆಕರಕೋಶದಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು 12 ಮಂದಿಗೆ ಹಾಕಲಾಗಿತ್ತು. ಜಪಾನಿನ ಕ್ಯೋಟೋದಲ್ಲಿ ವಯಸ್ಕ ದಾನಿಯ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಆಕರಕೋಶವಾಗಿ ಮಾಡಿ, ಅದರಿಂದ ಬೆಳೆಸಿದ್ದನ್ನು 7 ಮಂದಿಗೆ ಹಾಕಿದ್ದರು. ಕೋಶಗಳು ಉಳಿದಿವೆ, ಗೆಡ್ಡೆಯಾಗಿಲ್ಲ, ಹಲವರು ಸುಧಾರಿಸಿದಂತಿದೆ. ಕ್ಯೋಟೋದ ವಿಧಾನದಲ್ಲಿ ಗರ್ಭಪಾತವಿಲ್ಲ, ಪಿಂಡವಿಲ್ಲ, ನಾಲ್ಕು ದಶಕ ನಮ್ಮನ್ನು ಕಾಡಿದ ಆ ಪ್ರಶ್ನೆಯೇ ಇಲ್ಲ. ಆದರೂ ರೋಗಿಯ ಪ್ರಶ್ನೆ ಕೂದಲೆಳೆಯಷ್ಟೂ ಸರಿದಿಲ್ಲ. ಎರಡೂ ಪ್ರಯೋಗಗಳಲ್ಲಿ ಹುಸಿ ಗುಂಪು ಇರಲಿಲ್ಲ, ಮತ್ತು ಡೆನ್ವರ್‌ಗೆ ಮುಂಚಿನ ವರದಿಗಳೂ ಹೀಗೆಯೇ ಆಶಾದಾಯಕವಾಗಿದ್ದವು. ಅದನ್ನು ಅರಿತೇ ಅಮೆರಿಕದ ತಂಡ ತನ್ನ ಮೂರನೆಯ ಹಂತದ ಪ್ರಯೋಗದಲ್ಲಿ ಹುಸಿ ಶಸ್ತ್ರಕ್ರಿಯೆಯ ಗುಂಪನ್ನು ಮತ್ತೆ ಇಟ್ಟುಕೊಂಡಿದೆ.

ನಮ್ಮಲ್ಲಿಯೂ ಇಂಥ ಪ್ರಯೋಗ ಬಂದೇ ಬರುತ್ತದೆ, ಬರಬೇಕು ಕೂಡ. ಆಗ ನಮ್ಮ ರೋಗಿಯ ಕೈಗೆ ಇಪ್ಪತ್ತು ಪುಟದ ಒಪ್ಪಿಗೆ ಪತ್ರ ಬರುತ್ತದೆ. ಅಂಥವನ್ನು ಎಥಿಕ್ಸ್ ಕಮಿಟಿಯಲ್ಲಿ ಕೂತು ಓದಿದವನು ನಾನು, ಎರಡನೆಯ ಪುಟದಲ್ಲೇ ಉಸಿರು ಕಟ್ಟುತ್ತದೆ. ನಿಮಗೆ ಕೋಶ ಹಾಕದೆಯೂ ಹಣೆಯನ್ನು ಕೊರೆಯಬಹುದು, ಹಾಕಿದ್ದನ್ನು ಮತ್ತೆ ತೆಗೆಯಲಾಗುವುದಿಲ್ಲ, ಇದರಿಂದ ನಿಮಗಲ್ಲದೆ ಮುಂದಿನವರಿಗಷ್ಟೇ ಉಪಯೋಗವಾಗಬಹುದು, ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎಂಬ ಮಾತುಗಳು ಮೊದಲ ಪುಟದಲ್ಲೇ, ಮನೆಯಲ್ಲಿ ಆಡುವ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಬೇಕು. ಆ ಪುಟವನ್ನು ರೋಗಿಗೆ ಓದಿ ಹೇಳುವವರು ಶಸ್ತ್ರಕ್ರಿಯೆ ಮಾಡುವ ವೈದ್ಯರಾಗಿರಕೂಡದು. ಈ ಸಭೆಯಲ್ಲಿರುವ ಕನ್ನಡದ ಅಧ್ಯಾಪಕರು ತಮ್ಮ ಊರಿನ ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪ್ರತಿನಿಧಿಗೆ ಮೀಸಲಾದ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿ. ಖಾಲಿಯಿದ್ದರೆ ಅರ್ಜಿ ಹಾಕಿ.